ಜಾಲಪುಟಗಳ ಪುನರ್ನಿರ್ದೇಶನದಲ್ಲಿ ಅನುಕ್ತದ ಅರ್ಥ

ಮಳೆ, ಕಾಲ ಎಂಬ ಪದಗಳು ಕೂಡಿ ಮಳೆಗಾಲವಾಗುವಲ್ಲಿ ಕಕಾರದ ಸ್ಥಾನದಲ್ಲಿ ಗಕಾರವು ಬರುವುದನ್ನು ವೈಯಾಕರಣರು ಆದೇಶವೆಂದು ಕರೆಯುವರು. ಇದಕ್ಕೆ ಸದೃಶವಾದೊಂದು ವ್ಯವಹಾರವು ಅಂತರಜಾಲದಲ್ಲಿಯೂ ಉಂಟು. ಪುಟವೊಂದರ ವಿಳಾಸವು ಬದಲಾದರೆ, ಹಳೆಯ ವಿಳಾಸವನ್ನು ಅರಸಿ ಬಂದ ಬ್ರೌಸರಿಗೆ ಸರ್ವರ್ ಯಂತ್ರವು ಒಂದು ಸಂಖ್ಯೆಯನ್ನೂ, 'ಲೊಕೇಷನ್' ಎಂಬ ಶಿರೋಲೇಖದಲ್ಲಿ ಹೊಸ ವಿಳಾಸವನ್ನೂ ತಿಳಿಸುವುದು. ಇದೇ ಪುನರ್ನಿರ್ದೇಶನ. ನಮ್ಮ ಲೇಖನಗಳ ಅಡಿಟಿಪ್ಪಣಿಗಳಲ್ಲಿ ಜಾಲದ ನಿಘಂಟುಗಳ, ಶಾಸನಸಂಪುಟಗಳ ವಿಳಾಸಗಳು ಸೇರುತ್ತಿರುವ ಈ ಕಾಲದಲ್ಲಿ ಇದನ್ನು ಯಂತ್ರಜ್ಞರಿಗೇ ಬಿಟ್ಟು ಸುಮ್ಮನಿರುವುದು ಯುಕ್ತವಲ್ಲ.

ಸಂಖ್ಯೆಗಳಲ್ಲಿ ಮುಖ್ಯವಾದವು ಎರಡು. ೩೦೧ ಎಂದರೆ ಶಾಶ್ವತವಾದ ಸ್ಥಳಾಂತರ. ೩೦೨ ಎಂದರೆ ತಾತ್ಕಾಲಿಕವಾದುದು. ಮೊದಲನೆಯದನ್ನು ಕಂಡ ಶೋಧಯಂತ್ರವು ಹೊಸ ವಿಳಾಸವನ್ನು ಗ್ರಹಿಸತೊಡಗುವುದು. ಎರಡನೆಯದನ್ನು ಕಂಡರೆ ಸಾಮಾನ್ಯವಾಗಿ ಹಳೆಯದನ್ನೇ ಹಿಡಿದಿರುವುದು.

ಇಲ್ಲಿ ವಿಚಾರಣೀಯವಾದ ವಿಷಯವೇನೆಂದರೆ, ಸಂಖ್ಯೆಯನ್ನು ಹೇಳದೆ ಬಿಟ್ಟಲ್ಲಿ ಯಾವುದನ್ನು ಗ್ರಹಿಸಬೇಕೆಂಬುದು. ಪಿ.ಎಚ್.ಪಿ. ಭಾಷೆಯಲ್ಲಿ 'ಹೆಡರ್' ಎಂಬ ಕ್ರಿಯೆಗೆ ಲೊಕೇಷನ್ನನ್ನು ಮಾತ್ರ ಕೊಟ್ಟರೆ ೩೦೨ ಹೊರಡುವುದು. ಜಾವಾದ 'ಸೆಂಡ್‌ರಿಡೈರೆಕ್ಟ್', ಪೈಥಾನಿನ ಫ್ಲಾಸ್ಕ್ ಚೌಕಟ್ಟಿನ 'ರಿಡೈರೆಕ್ಟ್', ರೂಬಿಯ ರೈಲ್ಸ್ ಚೌಕಟ್ಟಿನ 'ರಿಡೈರೆಕ್ಟ್ ಟು' ಇವುಗಳ ರೀತಿಯೂ ಹಾಗೆಯೇ. ಇವೆಲ್ಲದರಲ್ಲಿಯೂ ಅನುಕ್ತವು ತಾತ್ಕಾಲಿಕವೇ. ಆದುದರಿಂದ ಪುಟವನ್ನು ಶಾಶ್ವತವಾಗಿ ಸ್ಥಳಾಂತರಿಸಿ ಸಂಖ್ಯೆಯನ್ನು ಹೇಳದಿದ್ದರೆ, ಊರನ್ನೇ ಬಿಟ್ಟು ಹೋದ ಗೃಹಸ್ಥನು ಬಾಗಿಲಿಗೆ 'ಸಂಜೆಗೆ ಬರುವೆನು' ಎಂಬ ಚೀಟಿಯನ್ನಂಟಿಸಿದಂತಾಗುವುದು. ಗೋ ಎಂಬ ಭಾಷೆಯ ಮಾರ್ಗವು ಬೇರೆ. ಅದರ 'ರಿಡೈರೆಕ್ಟ್' ಕ್ರಿಯೆಗೆ ಸಂಖ್ಯೆಯನ್ನು ಕೊಡದಿದ್ದರೆ ಆ ವಾಕ್ಯವನ್ನು ಭಾಷೆಯು ಅಂಗೀಕರಿಸುವುದೇ ಇಲ್ಲ. ಸಂದೇಹಕ್ಕೆ ಎಡೆಯಿಲ್ಲದ ಈ ಕಟ್ಟಳೆಯೇ ನನಗೆ ಗ್ರಾಹ್ಯವಾಗಿ ತೋರುತ್ತದೆ.

ಹಾಗೆಂದು ಸರ್ವತ್ರ ೩೦೧ ಎಂಬುದನ್ನೇ ಪ್ರಯೋಗಿಸುವುದೂ ಸಲ್ಲದು. ಬ್ರೌಸರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲುದು. ಹಳೆಯ ಪುಟವು ಸ್ವಸ್ಥಾನಕ್ಕೆ ಮರಳಿದ ಮೇಲೂ ಓದುಗನು ಬೇರೆಡೆಗೇ ಹೋಗುತ್ತಿರಬಹುದು. ಮತ್ತೊಂದು ತೊಡಕುಂಟು. ಅರ್ಜಿಯನ್ನು ತುಂಬಿ ಕಳುಹಿಸುವ 'ಪೋಸ್ಟ್' ಕೋರಿಕೆಗೆ ಈ ಸಂಖ್ಯೆಗಳು ಉತ್ತರವಾಗಿ ಬಂದರೆ, ಬ್ರೌಸರುಗಳು ಅದನ್ನು ಬರಿದೆ ಓದುವ 'ಗೆಟ್' ಕೋರಿಕೆಯನ್ನಾಗಿ ಮಾರ್ಪಡಿಸುವ ರೂಢಿ ಬೆಳೆಯಿತು. ಸೂತ್ರವನ್ನು ಪ್ರಯೋಗವು ಮೀರಿತು. ಶಾಸ್ತ್ರಕಾರರು ರೂಢಿಯನ್ನು ಸಹಿಸಿ, ಕೋರಿಕೆಯು ಕೆಡಬಾರದಾದೆಡೆಗೆ ಹೊಸ ಸಂಖ್ಯೆಗಳನ್ನು ವಿಧಿಸಿದರು: ತಾತ್ಕಾಲಿಕಕ್ಕೆ ೧೯೯೯ರಲ್ಲಿ ೩೦೭, ಶಾಶ್ವತಕ್ಕೆ ೨೦೧೫ರಲ್ಲಿ ೩೦೮. ವ್ಯಾಕರಣದ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಪಿ.ಎಚ್.ಪಿ.ಯಲ್ಲಿ ಇನ್ನೊಂದು ಅನುಕ್ತವೂ ಅಪಾಯಕರವಾದುದು. ಶಿರೋಲೇಖವನ್ನು ಕೊಟ್ಟ ಮಾತ್ರಕ್ಕೆ ಅಲ್ಲಿ ಕಾರ್ಯವು ನಿಲ್ಲುವುದಿಲ್ಲ. 'ಎಕ್ಸಿಟ್' ಎಂದು ಬರೆಯದಿದ್ದರೆ ಮುಂದಿನ ವಾಕ್ಯಗಳೂ ನಡೆದು, ಅನಧಿಕಾರಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕಾಗಿದ್ದ ಪುಟದ ಒಳಗಿನ ವಿಷಯವು, ತೆರೆಯ ಮೇಲೆ ಕಾಣದಿದ್ದರೂ, ಅವನ ಯಂತ್ರಕ್ಕೆ ಮುಟ್ಟಿಯೇ ಬಿಡುವುದು.