ಬಾಯಾರದ ಬೆಕ್ಕು, ಬಿಡದ ಕಲ್ಲು

ವಸಂತಪುರದ ಕಡೆಯ ಮನೆಗಳಲ್ಲಿ ಕೊಳವೆಬಾವಿಯ ನೀರನ್ನು ನಾಲ್ಕು ದಿನ ಕಾಯಿಸಿದರೆ ಸಾಕು, ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಬಕೆಟ್ಟು, ನಲ್ಲಿ, ಗೀಸರ್ ಯಾವುದನ್ನೂ ಅದು ಬಿಡುವುದಿಲ್ಲ. ಇಂಥ ಮನೆಯಲ್ಲಿ ಸಾಕಿದ ಬೆಕ್ಕಿನ ಮೂತ್ರಕೋಶದಲ್ಲಿ ಕಲ್ಲಿದೆ ಎಂದು ವೈದ್ಯರು ಹೇಳಿದರೆ ಮನೆಮಂದಿಯ ಕಣ್ಣು ಮೊದಲು ಹೋಗುವುದು ಆ ಪಾತ್ರೆಯ ಮೇಲೆ. ಅಂದಿನಿಂದ ಬೆಕ್ಕಿಗೂ ಶುದ್ಧೀಕರಿಸಿದ ನೀರು. ಆದರೂ ಕೆಲವು ತಿಂಗಳಲ್ಲಿ ಮತ್ತೆ ಕಲ್ಲು ಕಾಣಿಸಿಕೊಂಡರೆ ‘ಅದರ ಹಣೆಬರಹ’ ಎಂದು ಕೈಚೆಲ್ಲುವವರೇ ಹೆಚ್ಚು.

ಹಣೆಬರಹವನ್ನು ದೂರುವ ಮೊದಲು ಆ ಬಿಳಿಯ ಪದರವನ್ನೇ ಸ್ವಲ್ಪ ಪರೀಕ್ಷಿಸಬಹುದು. ಒಂದು ಚೂರನ್ನು ಕೆರೆದು ಅದರ ಮೇಲೆ ನಿಂಬೆರಸ ಹಿಂಡಿ. ಬುರುಬುರು ಗುಳ್ಳೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬುದಕ್ಕೆ ಗುರುತು. ಕುದುರೆ, ಮೊಲಗಳ ಮೂತ್ರದಲ್ಲಿ ಈ ಕಾರ್ಬೊನೇಟ್ ಕಲ್ಲು ಸಾಮಾನ್ಯ. ಬೆಕ್ಕಿನಲ್ಲಿ ಮಾತ್ರ ಬಲು ಅಪರೂಪ. ಬೆಕ್ಕಿನ ಕಲ್ಲುಗಳಲ್ಲಿ ಬಹುಪಾಲು ಎರಡೇ ಜಾತಿಯವು. ಒಂದು, ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಆರು ನೀರಿನ ಅಣುಗಳೊಂದಿಗೆ ಹರಳುಗಟ್ಟಿದ ಸ್ಟ್ರುವೈಟ್. ಇನ್ನೊಂದು, ಮನುಷ್ಯರಿಗೂ ಚೆನ್ನಾಗಿ ಪರಿಚಯವಿರುವ ಕ್ಯಾಲ್ಸಿಯಂ ಆಕ್ಸಲೇಟ್. ಗಡಸು ನೀರು ಬೆಕ್ಕಿಗೆ ಕಲ್ಲು ತರುತ್ತದೆ ಎಂಬುದು ದೃಢಪಟ್ಟ ಸಂಗತಿಯಲ್ಲ. ಬೆಕ್ಕು ಯಾವ ನೀರು ಕುಡಿಯಿತು ಎನ್ನುವುದಕ್ಕಿಂತ ಅದರ ದೇಹಕ್ಕೆ ದಿನಕ್ಕೆ ಎಷ್ಟು ನೀರು ಸೇರಿತು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಕಲ್ಲು ಹುಟ್ಟುವ ಬಗೆಯನ್ನು ಅರಿಯಲು ಕಲ್ಲುಸಕ್ಕರೆಗಿಂತ ಒಳ್ಳೆಯ ಉದಾಹರಣೆ ಬೇಡ. ಬಿಸಿ ನೀರಿನಲ್ಲಿ ಹಿಡಿಸುವಷ್ಟೂ ಸಕ್ಕರೆ ಕರಗಿಸಿ, ಒಂದು ದಾರ ಇಳಿಬಿಟ್ಟು ತಣ್ಣಗಾಗಲು ಬಿಟ್ಟರೆ ದಾರದ ಸುತ್ತ ಹರಳು ಬೆಳೆಯುತ್ತವೆ. ದ್ರಾವಣ ಅತಿಸಾಂದ್ರವಾಗಿರಬೇಕು, ಹರಳು ಹಿಡಿದುಕೊಳ್ಳಲು ಒಂದು ಆಸರೆ ಬೇಕು, ಕಾಲಾವಕಾಶ ಬೇಕು. ಮೂತ್ರಕೋಶದಲ್ಲಿ ನಡೆಯುವುದೂ ಇದೇ. ದಾರದ ಬದಲು ಸತ್ತ ಜೀವಕೋಶ, ಲೋಳೆ, ಇಲ್ಲವೇ ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಉಳಿದುಹೋದ ಮರಳಿನ ಕಣದಂಥ ಹರಳು. ಅದೇ ಸಕ್ಕರೆ ಪಾಕಕ್ಕೆ ಇನ್ನೆರಡು ಲೋಟ ನೀರು ಸುರಿದರೆ ಎಷ್ಟು ದಿನ ಕಾದರೂ ಹರಳು ಬಾರದು.

ಬೆಕ್ಕಿನ ತೊಂದರೆ ಇರುವುದೇ ಈ ಎರಡು ಲೋಟ ನೀರಿನಲ್ಲಿ. ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು. ನೀರು ಸಿಗದ ನಾಡಿನಲ್ಲಿ ಬಾಳಿದ ಆ ವಂಶ ಎರಡು ಗುಣಗಳನ್ನು ಉಳಿಸಿಕೊಂಡು ಬಂದಿದೆ. ಮೂತ್ರವನ್ನು ತೀರ ಸಾಂದ್ರಗೊಳಿಸಿ ನೀರುಳಿಸುವ ಮೂತ್ರಪಿಂಡ ಒಂದು. ಬೇಗ ಬಾಯಾರದ ಸ್ವಭಾವ ಇನ್ನೊಂದು. ಅಲ್ಲಿ ಅದಕ್ಕೆ ಏನೂ ಕೊರತೆಯಾಗಲಿಲ್ಲ, ಏಕೆಂದರೆ ಹಿಡಿದು ತಿಂದ ಇಲಿಯ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಊಟವೇ ನೀರು ಎಂದಂತಾಯಿತು.

ವಸಂತವಲ್ಲಭರಾಯನ ಗುಡಿಯ ಸುತ್ತಲಿನ ಹಳ್ಳಿಯಾಗಿದ್ದ ಕಾಲದಲ್ಲಿ ವಸಂತಪುರದ ಬೆಕ್ಕೂ ಹೊಲ, ಕಣಜ, ಹಿತ್ತಿಲುಗಳಲ್ಲಿ ಇಲಿ, ಓತಿಕ್ಯಾತ ಹಿಡಿದು ಬದುಕುತ್ತಿತ್ತು. ಹಳ್ಳಿ ಈಗ ನಗರದೊಳಗೆ ಸೇರಿಹೋಗಿದೆ. ಮೂರನೆಯ ಮಹಡಿಯ ಫ್ಲಾಟಿನ ಬೆಕ್ಕು ಕಿಟಕಿಯ ಜಾಲರಿಯಾಚೆ ಪಾರಿವಾಳವನ್ನು ನೋಡಿ ಹಲ್ಲು ಕಟಕಟಿಸುವುದಷ್ಟೇ ಅದರ ಬೇಟೆ. ಮಾಂಸ ಒಲೆಯೇರದ ಮನೆಗಳಿಗಂತೂ ಪೊಟ್ಟಣದ ಒಣ ಆಹಾರ ದೊಡ್ಡ ಅನುಕೂಲ. ವಾಸನೆಯಿಲ್ಲ, ಅಡುಗೆಮನೆ ಮೈಲಿಗೆಯಾಗುವುದಿಲ್ಲ, ಬಟ್ಟಲಿಗೆ ಸುರಿದು ಕಚೇರಿಗೆ ಹೋಗಬಹುದು. ಇದನ್ನು ತಪ್ಪೆನ್ನಲಾಗದು. ಮೊಸರನ್ನ, ಹಾಲನ್ನವನ್ನೇ ನಂಬಿಸುವುದಕ್ಕಿಂತ ಇದು ಮೇಲು. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪದಾರ್ಥ ಸಾಲದಿದ್ದರೆ ಅದರ ಹೃದಯದ ಸ್ನಾಯು ಸೋತುಹೋಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1987ರಲ್ಲೇ ತೋರಿಸಿದ್ದಾರೆ. ಧಾನ್ಯದ ಊಟ ಮೂತ್ರವನ್ನು ಕ್ಷಾರೀಯವಾಗಿಸುತ್ತದೆ. ಕ್ಷಾರೀಯ ಮೂತ್ರ ಸ್ಟ್ರುವೈಟಿಗೆ ಬಲು ಇಷ್ಟ.

ಒಣ ಆಹಾರದ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಬಹುದು. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಊಟದ್ದೂ ಕುಡಿದದ್ದೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. ಒಣ ಆಹಾರದಲ್ಲಿ ನೀರಿನ ಪಾಲು ನೂರಕ್ಕೆ ಹತ್ತು ಇದ್ದರೆ ಹೆಚ್ಚು. 60 ಗ್ರಾಂ ತಿಂದರೆ ಒಳಗೆ ಹೋದ ನೀರು 6 ಮಿಲಿಲೀಟರ್. ಉಳಿದದ್ದನ್ನು ಬಟ್ಟಲಿನಿಂದ ಕುಡಿಯಬೇಕು. ಅದು ಕುಡಿಯುತ್ತದೆ, ಆದರೆ ಸಾಲುವಷ್ಟು ಕುಡಿಯುವುದಿಲ್ಲ. ಡಬ್ಬಿ ಅಥವಾ ಪೌಚಿನ ಹಸಿ ಆಹಾರದಲ್ಲಿ ನೂರಕ್ಕೆ 75ರಿಂದ 80ರಷ್ಟು ನೀರು. ಅಂಥದ್ದನ್ನು 200 ಗ್ರಾಂ ತಿಂದರೆ 150 ಮಿಲಿಲೀಟರಿಗೂ ಹೆಚ್ಚು ನೀರು ತಾನಾಗಿ ಸೇರಿತು.

ಕಲ್ಲು ಯಾವ ಜಾತಿಯದು ಎಂದು ತಿಳಿಯದೆ ಊಟ ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಸ್ಟ್ರುವೈಟ್ ಆಮ್ಲೀಯ ಮೂತ್ರದಲ್ಲಿ ಕರಗುತ್ತದೆ. ಮೆಗ್ನೀಷಿಯಂ, ರಂಜಕ ಮಿತಿಯಲ್ಲಿರುವ, ಮೂತ್ರವನ್ನು ತುಸು ಆಮ್ಲೀಯವಾಗಿಸುವ ಚಿಕಿತ್ಸಾ ಆಹಾರ ಕೊಟ್ಟರೆ ಎಷ್ಟೋ ಬೆಕ್ಕುಗಳಲ್ಲಿ ಕೆಲವೇ ವಾರಗಳಲ್ಲಿ ಕಲ್ಲು ಮಾಯವಾಗುತ್ತದೆ, ಕತ್ತರಿ ಮುಟ್ಟಬೇಕಿಲ್ಲ. ಆಕ್ಸಲೇಟ್ ಹಾಗಲ್ಲ. ಯಾವ ಊಟಕ್ಕೂ, ಯಾವ ಔಷಧಕ್ಕೂ ಅದು ಕರಗದು, ಹೊರತೆಗೆಯಲೇಬೇಕು. ಮೂತ್ರ ಅತಿಯಾಗಿ ಆಮ್ಲೀಯವಾದರೆ ಕ್ಯಾಲ್ಸಿಯಂ ಹೆಚ್ಚು ಹೊರಬಿದ್ದು ಆಕ್ಸಲೇಟಿಗೆ ಅನುಕೂಲವೇ ಆಗುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಓಸ್ಬೋರ್ನ್ ಎಂಬ ಪಶುವೈದ್ಯರು 1981ರಲ್ಲಿ ಮೂತ್ರದ ಕಲ್ಲುಗಳ ವಿಶ್ಲೇಷಣಾ ಕೇಂದ್ರ ತೆರೆದರು. ಆ ವರ್ಷ ಬಂದ ಬೆಕ್ಕಿನ ಕಲ್ಲುಗಳಲ್ಲಿ ಸುಮಾರು ಶೇಕಡ 78 ಸ್ಟ್ರುವೈಟ್, ಆಕ್ಸಲೇಟ್ ಶೇಕಡ 2 ಮಾತ್ರ. ಬೆಕ್ಕಿನ ಆಹಾರ ತಯಾರಕರು ಮೆಗ್ನೀಷಿಯಂ ಇಳಿಸಿ ಆಮ್ಲೀಯತೆ ಏರಿಸಿದರು. ಸ್ಟ್ರುವೈಟ್ ಇಳಿಯಿತು, ಆದರೆ ಎರಡು ದಶಕ ಕಳೆಯುವಷ್ಟರಲ್ಲಿ ಆಕ್ಸಲೇಟ್ ಅದನ್ನು ಹಿಂದೆ ಹಾಕಿಬಿಟ್ಟಿತು! ಒಂದು ಕಲ್ಲನ್ನು ಓಡಿಸುವ ಉತ್ಸಾಹವೇ ಇನ್ನೊಂದನ್ನು ಕರೆತಂದಿರಬಹುದು ಎಂದು ತಜ್ಞರು ಎಚ್ಚೆತ್ತದ್ದು ಆಗ. ಹೊರತೆಗೆದ ಕಲ್ಲನ್ನು ಬಿಸಾಡದೆ ವಿಶ್ಲೇಷಣೆಗೆ ಕಳಿಸಿ ಎಂದು ವೈದ್ಯರು ಹೇಳಿದರೆ ಆ ಖರ್ಚಿಗೆ ಹಿಂಜರಿಯಬಾರದು. ಮುಂದಿನ ಕಲ್ಲನ್ನು ತಡೆಯುವ ದಾರಿ ಆ ಚೀಟಿಯಲ್ಲೇ ಇರುತ್ತದೆ.

ಸ್ಟ್ರುವೈಟಿನ ಹೆಸರಿಗೂ ಒಂದು ಕಥೆಯುಂಟು. ಹ್ಯಾಂಬರ್ಗ್ ನಗರದಲ್ಲಿ ಸಂತ ನಿಕೋಲಸರ ಇಗರ್ಜಿಗೆ ಪಾಯ ತೋಡುವಾಗ ಹಳೆಯ ಗೊಬ್ಬರದ ಕೆಸರಿನಲ್ಲಿ ಸಿಕ್ಕ ಹರಳುಗಳನ್ನು ಉಲೆಕ್ಸ್ ಎಂಬಾತ 1845ರಲ್ಲಿ ವರ್ಣಿಸಿ, ಖನಿಜಗಳಲ್ಲಿ ಆಸಕ್ತಿಯಿದ್ದ ಫಾನ್ ಸ್ಟ್ರೂವ್ ಎಂಬ ರಷ್ಯದ ರಾಜತಂತ್ರಜ್ಞನ ಹೆಸರಿಟ್ಟ. ಇಂದು ಇದೇ ಹರಳನ್ನು ಕೊಳಚೆ ನೀರಿನಿಂದ ಬೇರ್ಪಡಿಸಿ ಗೊಬ್ಬರವಾಗಿ ಬಳಸುತ್ತಾರೆ. ಗದ್ದೆಗೆ ಒಳ್ಳೆಯದು, ಬೆಕ್ಕಿಗಲ್ಲ.

ಇನ್ನು ಈ ಕಾಯಿಲೆಯ ಭಯಂಕರ ಮುಖ. ಕಲ್ಲು ಗಂಡು ಬೆಕ್ಕಿಗೂ ಹೆಣ್ಣಿಗೂ ಬರುತ್ತದೆ. ಸಿಕ್ಕಿಕೊಂಡು ಪ್ರಾಣಕ್ಕೆ ಬರುವುದು ಹೆಚ್ಚಾಗಿ ಗಂಡಿಗೆ. ಅದರ ಮೂತ್ರದ್ವಾರದ ನಾಳ ತುದಿಯಲ್ಲಿ ಒಂದು ಮಿಲಿಮೀಟರಿಗೂ ಕಿರಿದು. ಸಾಸಿವೆಗಿಂತ ಸಣ್ಣ ಕಲ್ಲು, ಅಥವಾ ಹರಳು ಲೋಳೆ ಬೆರೆತ ಒಂದು ಬಿರಡೆ ಸಾಕು. ಹಳ್ಳಿಯಲ್ಲಿ ಎತ್ತು, ಟಗರು, ಹೋತಗಳಿಗೆ ಮೂತ್ರ ಕಟ್ಟುವುದನ್ನು ಕಂಡವರಿಗೆ ಇದು ಹೊಸತಲ್ಲ. ಕೊಬ್ಬಿಸಲೆಂದು ಬೂಸಾ, ಕಾಳು ಹೆಚ್ಚಾಗಿ ತಿನ್ನಿಸಿದ ಟಗರಿಗೆ ಬರುವುದೂ ಬಹುಮಟ್ಟಿಗೆ ಇದೇ ಫಾಸ್ಫೇಟ್ ಕಲ್ಲು.

ಮೂತ್ರ ಕಟ್ಟಿದ ಬೆಕ್ಕು ಮತ್ತೆ ಮತ್ತೆ ತನ್ನ ಮರಳಿನ ತಟ್ಟೆಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಹಿಂಭಾಗ ನೆಕ್ಕುತ್ತದೆ. ಒಂದೆರಡು ಹನಿ, ಅದರಲ್ಲೂ ರಕ್ತದ ಛಾಯೆ. ಇಲ್ಲವೇ ಏನೂ ಇಲ್ಲ. ಮನೆಯವರು ಇದನ್ನು ಮಲಬದ್ಧತೆ ಎಂದು ತಿಳಿದು ಒಂದು ದಿನ ಕಳೆಯುತ್ತಾರೆ. ಆ ಒಂದು ದಿನವೇ ಬೆಕ್ಕಿನ ಪ್ರಾಣದ ಬೆಲೆ. ಹೊರಹೋಗಬೇಕಾದ ವಿಷಪದಾರ್ಥಗಳೊಂದಿಗೆ ಪೊಟ್ಯಾಸಿಯಂ ಕೂಡ ರಕ್ತದಲ್ಲಿ ಏರಿ ಹೃದಯದ ಬಡಿತವನ್ನು ನಿಧಾನಿಸುತ್ತದೆ, ಕೊನೆಗೆ ನಿಲ್ಲಿಸುತ್ತದೆ. ವಾಂತಿ, ಸುಸ್ತು, ಮೈ ತಣ್ಣಗಾಗುವುದು ಶುರುವಾದರೆ ಹೊತ್ತು ಮೀರುತ್ತಿದೆ ಎಂದರ್ಥ. ಗಂಡು ಬೆಕ್ಕು ತಿಣುಕುತ್ತಿದೆ, ಮೂತ್ರ ಕಾಣುತ್ತಿಲ್ಲ ಎಂದಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಪಶುವೈದ್ಯಕೀಯ ಕಾಲೇಜು 1958ರಿಂದ ಇರುವುದು ಹೆಬ್ಬಾಳದಲ್ಲಿ, ಅಂದರೆ ವಸಂತಪುರಕ್ಕೆ ಊರಿನ ಇನ್ನೊಂದು ತುದಿಯಲ್ಲಿ. ಸಂಜೆಯ ಸಂಚಾರದಲ್ಲಿ ಅಲ್ಲಿಗೆ ಹೋಗುವ ಲೆಕ್ಕ ಹಾಕುವುದಕ್ಕಿಂತ, ರಾತ್ರಿಯಲ್ಲೂ ತೆರೆದಿರುವ ಹತ್ತಿರದ ಪಶು ಚಿಕಿತ್ಸಾಲಯ ಯಾವುದು, ಅಲ್ಲಿ ಕ್ಯಾಥೆಟರ್ ಹಾಕುವವರಿದ್ದಾರೆಯೇ ಎಂದು ಬೆಕ್ಕು ಚೆನ್ನಾಗಿರುವಾಗಲೇ ವಿಚಾರಿಸಿ ಫೋನ್ ನಂಬರನ್ನು ಗೋಡೆಗೆ ಅಂಟಿಸಿಡುವುದು ಜಾಣತನ.

ಮನೆಮದ್ದಿನ ವಿಷಯದಲ್ಲಿ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮನುಷ್ಯರ ಕಲ್ಲಿಗೆ ಬಾಳೆದಿಂಡಿನ ರಸ, ಎಳನೀರು ಕೊಡುವುದು ನಮ್ಮಲ್ಲಿ ರೂಢಿ. ಅವೆರಡರಲ್ಲೂ ಪೊಟ್ಯಾಸಿಯಂ ಹೇರಳ. ಮೂತ್ರ ಕಟ್ಟಿ ಪೊಟ್ಯಾಸಿಯಂ ಏರಿರುವ ಬೆಕ್ಕಿಗೆ ಅದನ್ನು ಕುಡಿಸುವುದೆಂದರೆ ಉರಿಯುವ ಬೆಂಕಿಗೆ ಎಣ್ಣೆ. ನೋವಿಗೆಂದು ಪ್ಯಾರಾಸಿಟಮಾಲ್ ಚೂರು ಕೊಡುವುದಂತೂ ಕೊಲೆಗೆ ಸಮ. ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ‘ಮೂತ್ರ ಆಮ್ಲೀಯವಾಗಲಿ’ ಎಂದು ವಿಟಮಿನ್ ಸಿ ಮಾತ್ರೆ ಅರೆದು ಹಾಕುವವರೂ ಇದ್ದಾರೆ. ಅದು ದೇಹದಲ್ಲಿ ಒಡೆದು ಆಕ್ಸಲೇಟ್ ಆಗುತ್ತದೆ. ಉಬ್ಬಿದ ಹೊಟ್ಟೆಯನ್ನು ಒತ್ತಿ ಮೂತ್ರ ಬರಿಸಲು ಹೋದರೆ ಮೂತ್ರಕೋಶವೇ ಒಡೆಯಬಹುದು.

ಪದೇ ಪದೇ ಕಟ್ಟುವ ಗಂಡು ಬೆಕ್ಕಿಗೆ ನಾಳದ ಕಿರಿದಾದ ತುದಿಯನ್ನು ತೆಗೆದು ದ್ವಾರ ಅಗಲಿಸುವ ಶಸ್ತ್ರಚಿಕಿತ್ಸೆಯಿದೆ. ಅದು ಬಾಗಿಲನ್ನು ದೊಡ್ಡದು ಮಾಡುತ್ತದೆಯೇ ಹೊರತು ಒಳಗೆ ಕಲ್ಲು ಹುಟ್ಟುವುದನ್ನು ತಡೆಯದು. ಮತ್ತೆ ಮತ್ತೆ ಕಲ್ಲಾಗುವ ಗುಟ್ಟೂ ಇಷ್ಟೇ: ಕಲ್ಲು ಹೋಯಿತು, ಮೂತ್ರ ಹಳೆಯದೇ ಉಳಿಯಿತು.

ಹಾಗಾಗಿ ನಿಜವಾದ ಚಿಕಿತ್ಸೆ ನಡೆಯುವುದು ಮನೆಯಲ್ಲಿ, ಅದೂ ವರ್ಷಗಟ್ಟಲೆ. ಹಸಿ ಆಹಾರ ದುಬಾರಿ ಎಂಬುದು ನಿಜ. ದಿನದಲ್ಲಿ ಒಂದು ಹೊತ್ತಾದರೂ ಅದನ್ನು ಕೊಟ್ಟು, ಉಳಿದ ಹೊತ್ತಿನ ಒಣ ಆಹಾರಕ್ಕೆ ಬಿಸಿನೀರು ಬೆರೆಸಬಹುದು. ಮೊದಲ ದಿನ ಒಂದು ಚಮಚ, ವಾರ ಕಳೆದ ಮೇಲೆ ಎರಡು. ಒಮ್ಮೆಲೇ ಗಂಜಿ ಮಾಡಿಟ್ಟರೆ ಬೆಕ್ಕು ಮೂಸಿ ಹೊರಟುಬಿಡುತ್ತದೆ. ನೆನೆಸಿದ್ದನ್ನು ಸೆಕೆಗಾಲದಲ್ಲಿ ಗಂಟೆಗಟ್ಟಲೆ ಬಿಡಬಾರದು. ಕೋಳಿ ಬೇಯಿಸಿದ ನೀರನ್ನು ಸೇರಿಸುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದ ನೀರನ್ನೇ ಬಳಸಬೇಕು. ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತದೆ. ಮೀಸೆ ತಗುಲದಷ್ಟು ಅಗಲವಾದ ಬಟ್ಟಲುಗಳು ಎರಡು ಮೂರು ಕಡೆ ಇರಲಿ, ಊಟದ ತಟ್ಟೆಗೂ ಮರಳಿನ ತಟ್ಟೆಗೂ ದೂರದಲ್ಲಿ. ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನೇ ನೆಕ್ಕುವ ಬೆಕ್ಕುಗಳೂ ಇವೆ. ಹಾಲು ನೀರಿಗೆ ಬದಲಿಯಲ್ಲ. ಬೊಜ್ಜು ಕೂಡ ಈ ಕಾಯಿಲೆಗೆ ನೆಂಟ, ತೂಕ ನೋಡುತ್ತಿರಬೇಕು.

ತಿಣುಕುವ ಬೆಕ್ಕುಗಳೆಲ್ಲಕ್ಕೂ ಕಲ್ಲೇ ಇರುವುದಿಲ್ಲ ಎಂಬುದೂ ತಿಳಿದಿರಲಿ. ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಕಾರಣ ಸಿಗದ ಮೂತ್ರಕೋಶದ ಉರಿಯೂತವೇ ಇರುತ್ತದೆ, ಮತ್ತು ಅದಕ್ಕೆ ಬೆಕ್ಕಿನ ಮನಸ್ಸಿನ ಒತ್ತಡದ ನಂಟಿದೆ. ದೀಪಾವಳಿಯ ಪಟಾಕಿ, ಪಕ್ಕದ ಸೈಟಿನಲ್ಲಿ ಕೊರೆಯುವ ಯಂತ್ರ, ಮನೆ ಬದಲಾವಣೆ, ಹೊಸದಾಗಿ ಬಂದ ಇನ್ನೊಂದು ಬೆಕ್ಕು ಇವೆಲ್ಲ ಅದರ ಮೂತ್ರಕೋಶಕ್ಕೆ ತಟ್ಟುತ್ತವೆ. ಅಡಗಿ ಕೂರಲು ಒಂದು ರಟ್ಟಿನ ಪೆಟ್ಟಿಗೆ, ಹತ್ತಿ ಕೂರಲು ಒಂದು ಎತ್ತರದ ಜಾಗ, ಬೆಕ್ಕಿಗೊಂದರಂತೆ ಮರಳಿನ ತಟ್ಟೆ ಮತ್ತು ಮೇಲೊಂದು ಇದ್ದರೆ ಎಷ್ಟೋ ಹಗುರ. ತಟ್ಟೆಯನ್ನು ದಿನವೂ ಸ್ವಚ್ಛ ಮಾಡುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ನೆನೆದ ಉಂಡೆಗಳೆಷ್ಟು, ಯಾವ ಗಾತ್ರದವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದರೆ, ಉಂಡೆ ಚಿಕ್ಕದಾಗಿ ಸಂಖ್ಯೆ ಹೆಚ್ಚಿದ ದಿನವೇ ಅನುಮಾನ ಬರುತ್ತದೆ. ಎಕ್ಸ್-ರೇಗಿಂತ ಮೊದಲು ಸುದ್ದಿ ಕೊಡುವುದು ಈ ಪುಸ್ತಕ.

ವೈದ್ಯರು ಕೆಲವು ತಿಂಗಳಿಗೊಮ್ಮೆ ಮೂತ್ರದ ಸಾಪೇಕ್ಷ ಸಾಂದ್ರತೆ ನೋಡುತ್ತಾರೆ. ಕಲ್ಲಾಗುವ ಬೆಕ್ಕಿನಲ್ಲಿ ಅದು 1.030ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುವುದು ಗುರಿ. ಆರು ತಿಂಗಳಿಗೊಂದು ಎಕ್ಸ್-ರೇ ತೆಗೆಸಿದರೆ ಹೊಸ ಕಲ್ಲು ಸಣ್ಣದಿದ್ದಾಗಲೇ ಕಣ್ಣಿಗೆ ಬಿದ್ದು, ಹೆಣ್ಣು ಬೆಕ್ಕಾದರೆ ಅರಿವಳಿಕೆ ಕೊಟ್ಟು ಮೂತ್ರಕೋಶಕ್ಕೆ ಲವಣದ್ರಾವಣ ತುಂಬಿ, ಕೊಯ್ಯದೆಯೇ ಹೊರಗೆ ತೊಳೆದುಬಿಡುವುದು ಸಾಧ್ಯ. ಪರೀಕ್ಷೆಗೆ ಮನೆಯಿಂದ ಮೂತ್ರ ಒಯ್ಯುವವರು ಮಾತ್ರ ತಡಮಾಡಬಾರದು. ಹಿಂದಿನ ದಿನ ಹಿಡಿದು ಫ್ರಿಜ್ಜಿನಲ್ಲಿಟ್ಟ ಮೂತ್ರದಲ್ಲಿ, ಬೆಕ್ಕಿನೊಳಗೆ ಇಲ್ಲದ ಹರಳೂ ಸೀಸೆಯಲ್ಲೇ ಹುಟ್ಟಿಕೊಂಡಿರುತ್ತದೆ.