ಬೀಳುವ ಹನಿಯ ಲೆಕ್ಕ

ಕೊಳಾಯಿಯಿಂದ ನೀರಿನ ಹನಿ ಬೀಳುವುದನ್ನು ನೋಡದವರಾರು? ಆದರೆ ಅದು ಬೀಳುವ ಬಗೆಯನ್ನು ಚಿತ್ರದಲ್ಲಿ ತೋರಿಸಬೇಕಾಗಿ ಬಂದಾಗ, ನಾವು ಅದನ್ನು ಎಂದೂ ಸರಿಯಾಗಿ ನೋಡಿಯೇ ಇಲ್ಲವೆಂಬುದು ಮನವರಿಕೆಯಾಗುತ್ತದೆ.

ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರದ ಕಾಲೇಜೊಂದರಲ್ಲಿ ನಾವು ಭೌತವಿಜ್ಞಾನವನ್ನು ಬೋಧಿಸುತ್ತೇವೆ. ರಾಮನ್ ಪರಿಣಾಮವು ಕಂಡುಬಂದ 1928ರ ಫೆಬ್ರವರಿ 28ರ ನೆನಪಿಗಾಗಿ ನಮ್ಮ ದೇಶದಲ್ಲಿ ವಿಜ್ಞಾನ ದಿನವನ್ನು ಆಚರಿಸುವುದು ವಾಚಕರಿಗೆ ತಿಳಿದೇ ಇದೆ. ಆ ಸಂದರ್ಭಕ್ಕಾಗಿ ನಮ್ಮ ಆರು ಮಂದಿ ವಿದ್ಯಾರ್ಥಿಗಳು ನೀರಿನ ಮಿತವ್ಯಯವನ್ನು ಕುರಿತು ಕಿರು ಜಾಹೀರಾತುಗಳ ಮಾಲೆಯೊಂದನ್ನು ಆನಿಮೇಷನ್ ರೂಪದಲ್ಲಿ ಸಿದ್ಧಪಡಿಸಲು ಹೊರಟರು. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಮನೆಗಳಿಂದ ಬಂದವರಾದ್ದರಿಂದ, ವಿಷಯವನ್ನು ಅರಸಿ ಅವರು ದೂರ ಹೋಗಬೇಕಾಗಲಿಲ್ಲ.

ಆನಿಮೇಷನ್ ಚಿತ್ರದಲ್ಲಿ ಯಾವುದೂ ಚಲಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ಭಿನ್ನವಾದ ನಿಶ್ಚಲ ಚಿತ್ರಗಳು ಸೆಕೆಂಡಿಗೆ 24ರಂತೆ ಕಣ್ಣಮುಂದೆ ಹಾಯುತ್ತವೆ. ಇದಕ್ಕೆ ಕಣ್ಣಿನ ದೃಷ್ಟಿಸಾತತ್ಯವೊಂದೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಆದರೆ ಬೇರೆ ಬೇರೆ ಸ್ಥಾನಗಳ ಚಿತ್ರಗಳನ್ನು ಜೋಡಿಸಿ ಚಲನೆಯನ್ನು ಕಲ್ಪಿಸುವುದು ಮಿದುಳಿನ ಕಾರ್ಯವೆಂಬುದು, ಮ್ಯಾಕ್ಸ್ ವರ್ತ್‌ಹೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳ ತರುವಾಯ ಸ್ಪಷ್ಟವಾಗುತ್ತ ಬಂದಿದೆ.

ವಿದ್ಯಾರ್ಥಿಗಳ ಮೊದಲ ಚಿತ್ರದಲ್ಲಿ ಹನಿಯು ಕೊಳಾಯಿಯಿಂದ ಬಕೆಟ್ಟಿನವರೆಗೆ 30 ಸೆಂಟಿಮೀಟರ್ ಬೀಳಬೇಕಾಗಿತ್ತು. ಅವರು ಆ ದೂರವನ್ನು ಆರು ಸಮಭಾಗ ಮಾಡಿ, ಚಿತ್ರಕ್ಕೆ 5 ಸೆಂಟಿಮೀಟರಿನಂತೆ ಹನಿಯನ್ನು ಕೆಳಗಿಳಿಸಿದ್ದರು. ತೆರೆಯ ಮೇಲೆ ಅದು ನೀರಿನಂತೆ ಕಾಣಲಿಲ್ಲ. ದಾರಕ್ಕೆ ಕಟ್ಟಿ ಇಳಿಬಿಟ್ಟ ಮಣಿಯಂತೆ ಕಂಡಿತು. ತಪ್ಪೆಲ್ಲಿದೆ? ಗುರುತ್ವದಿಂದ ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ ಎಂಬುದನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಸೆಕೆಂಡಿನ 24ನೆಯ ಒಂದು ಭಾಗದಲ್ಲಿ ಹನಿ ಬೀಳುವುದು ಕೇವಲ 0.85 ಸೆಂಟಿಮೀಟರ್, ಮುಂದಿನ ಭಾಗದಲ್ಲಿ 2.55, ಅನಂತರ 4.25. ಹೀಗೆ ಆರನೆಯ ಚಿತ್ರದ ಹೊತ್ತಿಗೆ ಒಟ್ಟು 30.6 ಸೆಂಟಿಮೀಟರ್. ಚಿತ್ರಗಳ ಸಂಖ್ಯೆ ಆರೇ, ದೂರವೂ ಹೆಚ್ಚುಕಡಿಮೆ ಅದೇ; ಹಂಚಿಕೆ ಮಾತ್ರ ಬೇರೆ. ಹಾಗೆ ಮತ್ತೆ ಬರೆದಾಗ ಹನಿಗೆ ತಟಕ್ಕನೆ ತೂಕ ಬಂದಿತು.

ಇಷ್ಟರಲ್ಲಿ ಎರಡನೆಯ ತೊಡಕು ಎದುರಾಯಿತು. "ತೊಟ್ಟಿಕ್ಕುವ ಕೊಳಾಯಿ ದಿನಕ್ಕೆ 100 ಲೀಟರ್ ನುಂಗುತ್ತದೆ" ಎಂಬುದು ಅವರ ಘೋಷವಾಕ್ಯ. ಈ ಸಂಖ್ಯೆ ಎಲ್ಲಿಂದ ಬಂದಿತೆಂದು ಕೇಳಿದರೆ, "ಎಲ್ಲೋ ಓದಿದ್ದು, ಸರ್" ಎಂದರು. ಪ್ರಯೋಗಾಲಯದ ಕೊಳಾಯಿಯನ್ನೇ ಸೆಕೆಂಡಿಗೊಂದು ಹನಿ ಬೀಳುವಂತೆ ತಿರುಗಿಸಿ, ಅಳತೆಯ ಜಾಡಿಯನ್ನು ಕೆಳಗಿರಿಸಿದೆವು. 200 ಹನಿಗಳಿಗೆ 20 ಘನ ಸೆಂಟಿಮೀಟರ್ ನೀರು ಸೇರಿತು. ದಿನಕ್ಕೆ 86,400 ಸೆಕೆಂಡು. ಆದ್ದರಿಂದ ನಷ್ಟವಾಗುವುದು ಸುಮಾರು 8.6 ಲೀಟರ್.

ಮಕ್ಕಳ ಮುಖ ಬಾಡಿತು. "ಉದ್ದೇಶ ಒಳ್ಳೆಯದಲ್ಲವೇ, ಸರ್? ಸಂಖ್ಯೆ ಕೊಂಚ ದೊಡ್ಡದಾದರೇನು?" ಎಂದು ಒಬ್ಬಳು ಕೇಳಿದಳು. ಒಂದು ಗಳಿಗೆ ನಮಗೂ ಉತ್ತರ ತೋಚಲಿಲ್ಲ. 2009ರ ವೊಡಾಫೋನ್ ಜಾಹೀರಾತುಗಳ ಜೂಜೂಗಳನ್ನು ಎಷ್ಟೋ ಮಂದಿ ಆನಿಮೇಷನ್ ಎಂದೇ ನಂಬಿದ್ದರು. ಬೆಂಗಳೂರಿನ ನಿರ್ವಾಣ ಫಿಲ್ಮ್ಸ್ ತಯಾರಿಸಿದ ಆ ಚಿತ್ರಗಳಲ್ಲಿ ಬಿಳಿಯ ಉಡುಪಿನೊಳಗಿದ್ದವರು ನಿಜವಾದ ಮನುಷ್ಯರು. ಕಣ್ಣು ಅಷ್ಟು ಸುಲಭವಾಗಿ ಮೋಸಹೋಗುತ್ತದೆ. ಆ ಮೋಸ ವಿನೋದಕ್ಕಾದರೆ ಯಾರಿಗೂ ಹಾನಿಯಿಲ್ಲ. ಆದರೆ ಕಣ್ಣನ್ನು ಒಲಿಸಿಕೊಂಡವನು ಬುದ್ಧಿಗೂ ಸುಳ್ಳನ್ನು ಉಣಿಸಿದರೆ, ಅದು ಬಯಲಾದ ದಿನ ಅವನ ನಿಜವನ್ನೂ ಜನ ನಂಬಲಾರರು. ನಾವು ಹೇಳಿದ್ದು ಇಷ್ಟೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 8.6 ಲೀಟರನ್ನು 365ರಿಂದ ಗುಣಿಸಿದಳು. ವರ್ಷಕ್ಕೆ 3,100 ಲೀಟರಿಗೂ ಮಿಕ್ಕಿದ ನೀರು. 15 ಲೀಟರಿನ ಇನ್ನೂರಕ್ಕೂ ಹೆಚ್ಚು ಬಕೆಟ್ಟು! ಒಂದು ಪುಟ್ಟ ವಾಷರ್ ಬದಲಿಸದೆ ಹೋದದ್ದರ ಫಲ. ಕೊನೆಯ ಜಾಹೀರಾತಿನಲ್ಲಿ ಆ ಬಕೆಟ್ಟುಗಳೇ ಸಾಲಾಗಿ ಬಂದು ನಿಂತವು.

ವಿಜ್ಞಾನ ದಿನದಂದು ಪ್ರೇಕ್ಷಕರೊಬ್ಬರು ಎದ್ದು, "ಈ ಲೆಕ್ಕ ನಿಜವೇ?" ಎಂದು ಪ್ರಶ್ನಿಸಿದರು. ಆರು ಮಂದಿಯೂ ಉತ್ತರ ಹೇಳಲಿಲ್ಲ. ಅಳತೆಯ ಜಾಡಿಯನ್ನು ಅವರ ಕೈಗಿತ್ತರು. ವಾಚಕರೂ ತಮ್ಮ ಮನೆಯ ಕೊಳಾಯಿಯ ಕೆಳಗೆ ಒಂದು ಲೋಟವನ್ನಿಟ್ಟು ಪರೀಕ್ಷಿಸಬಹುದು.