ಜಾಲತಾಣದ ಅರ್ಜಿ ನಮೂನೆಗಳ ಮರುಭರ್ತಿ

ಮರುಭರ್ತಿ ಎಂದರೆ ಜಾಲತಾಣದ ಅರ್ಜಿ ನಮೂನೆಯಲ್ಲಿ ತುಂಬಿದ ಮಾಹಿತಿಯಲ್ಲಿ ದೋಷ ಕಂಡುಬಂದಾಗ, ನಮೂನೆಯನ್ನು ಖಾಲಿಯಾಗಿ ಹಿಂದಿರುಗಿಸದೆ, ಬಳಕೆದಾರರು ಮೊದಲೇ ತುಂಬಿದ್ದ ವಿವರಗಳೊಡನೆ ಮತ್ತೆ ತೋರಿಸುವ ವಿಧಾನ. ಇದರಿಂದ ತಪ್ಪಿದ ಅಂಕಣವನ್ನಷ್ಟೇ ತಿದ್ದಿದರೆ ಸಾಕಾಗುತ್ತದೆ.

ಅಗತ್ಯ

ಜಾಲಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಯು ಒಂದು ಕೋರಿಕೆಯನ್ನು ಮುಂದಿನದರೊಡನೆ ತಾನಾಗಿ ಜೋಡಿಸುವುದಿಲ್ಲ. ಆದ್ದರಿಂದ ಹಿಂದಿನ ವಿವರಗಳನ್ನು ತಂತ್ರಾಂಶವೇ ತುಂಬಿ ಕಳುಹಿಸಬೇಕು. ಕಳುಹಿಸುವ ಮೊದಲೇ ಬ್ರೌಸರ್‌ನಲ್ಲಿ ಪರಿಶೀಲನೆ ನಡೆದರೂ ಅದನ್ನು ತಪ್ಪಿಸಿಕೊಳ್ಳುವುದು ಸಾಧ್ಯ; ಹೀಗಾಗಿ ಸರ್ವರ್‌ನ ಪರಿಶೀಲನೆ ಅನಿವಾರ್ಯ.

ವಿಧಾನ

ಎಚ್‌ಟಿಎಂಎಲ್‌ನಲ್ಲಿ ಒಂದು ಸಾಲಿನ ಅಂಕಣಕ್ಕೆ ‘ವ್ಯಾಲ್ಯೂ’ ಗುಣವಿಶೇಷದ ಮೂಲಕ ಹಳೆಯ ಮಾಹಿತಿಯನ್ನು ತುಂಬಲಾಗುತ್ತದೆ. ಹಲವು ಸಾಲುಗಳ ‘ಟೆಕ್ಸ್ಟ್‌ಏರಿಯಾ’ದಲ್ಲಿ ಅದನ್ನು ಆರಂಭ ಮತ್ತು ಅಂತ್ಯದ ಟ್ಯಾಗ್‌ಗಳ ನಡುವೆ ಇಡಬೇಕು. ಆಯ್ಕೆಪಟ್ಟಿಗೆ ‘ಸೆಲೆಕ್ಟೆಡ್’, ಗುರುತು ಚೌಕಕ್ಕೆ ‘ಚೆಕ್ಡ್’ ಬಳಕೆಯಾಗುತ್ತವೆ. ಪಿನ್‌ಕೋಡ್‌ನಲ್ಲಿ ಆರರ ಬದಲು ಐದೇ ಅಂಕಿಗಳಿದ್ದರೆ ಆ ತಪ್ಪು ಸಂಖ್ಯೆಯನ್ನೂ ಹಾಗೆಯೇ ತೋರಿಸಿ, ಪಕ್ಕದಲ್ಲಿ ದೋಷದ ಸೂಚನೆ ನೀಡುವುದು ಸೂಕ್ತ. ಲಾರಾವೆಲ್ ಚೌಕಟ್ಟಿನ ‘ಓಲ್ಡ್’ ಕಾರ್ಯವು ಹಿಂದಿನ ಮಾಹಿತಿಯನ್ನು ಒದಗಿಸುತ್ತದೆ. ಜಾಂಗೋ ಚೌಕಟ್ಟಿನ ನಮೂನೆಗಳಲ್ಲಿಯೂ ಇಂತಹ ಸೌಲಭ್ಯವಿದೆ.

ಅವಲಂಬಿತ ಪಟ್ಟಿಗಳು

ಒಂದು ಆಯ್ಕೆಯನ್ನು ಅವಲಂಬಿಸಿ ಇನ್ನೊಂದು ಪಟ್ಟಿ ತೆರೆದುಕೊಳ್ಳುವ ನಮೂನೆಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಉದಾಹರಣೆಗೆ, ಜಿಲ್ಲೆಯಾಗಿ ಬೆಳಗಾವಿಯನ್ನು ಆರಿಸಿದ ಬಳಿಕವೇ ತಾಲೂಕುಗಳ ಪಟ್ಟಿಯಲ್ಲಿ ಖಾನಾಪುರ ದೊರೆಯುತ್ತದೆ. ದೋಷದ ನಂತರ ಜಿಲ್ಲೆಯನ್ನು ಮಾತ್ರ ಮರುಭರ್ತಿ ಮಾಡಿದರೆ, ಅಕಾರಾದಿಯಲ್ಲಿ ಮೊದಲು ಬರುವ ಅಥಣಿಯೇ ಆಯ್ಕೆಯಾಗಿ ಉಳಿಯಬಹುದು. ಅರ್ಜಿದಾರರು ಪಿನ್‌ಕೋಡ್ ತಿದ್ದಿ ಮತ್ತೆ ಸಲ್ಲಿಸಿದಾಗ ಯಾವ ದೋಷಸೂಚನೆಯೂ ಬಾರದೆ, ಜಿಲ್ಲೆಯ ದಕ್ಷಿಣದ ಖಾನಾಪುರದ ಅರ್ಜಿ ಉತ್ತರದ ಅಥಣಿಗೆ ಸೇರುತ್ತದೆ. ಖಾಲಿ ಅಂಕಣ ಕಣ್ಣಿಗೆ ಬೀಳುತ್ತದೆ. ಬದಲಾದ ಅಂಕಣ ಬೀಳುವುದಿಲ್ಲ. ಆದ್ದರಿಂದ ಮೊದಲು ಜಿಲ್ಲೆ, ಬಳಿಕ ಅದರ ತಾಲೂಕುಗಳ ಪಟ್ಟಿ, ಕೊನೆಗೆ ಆಯ್ದ ತಾಲೂಕು ಎಂಬ ಕ್ರಮವನ್ನು ಪಾಲಿಸಬೇಕು. ಪಟ್ಟಿಯ ಮೊದಲ ಸ್ಥಾನದಲ್ಲಿ ‘ತಾಲೂಕು ಆಯ್ಕೆಮಾಡಿ’ ಎಂಬ ಅಮಾನ್ಯ ಆಯ್ಕೆಯನ್ನಿಡುವುದೂ ಉಪಯುಕ್ತ.

ಸ್ಥಳಗಳನ್ನು ಹೆಸರಿಗಿಂತ ಸಂಕೇತ ಸಂಖ್ಯೆಯಿಂದ ಗುರುತಿಸುವುದು ಸುರಕ್ಷಿತ. ನಗರದ ಅಧಿಕೃತ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ‘ಬೆಲ್ಗಾಮ್’ನಿಂದ ‘ಬೆಳಗಾವಿ’ಗೆ ಬದಲಾಯಿತು. ಹಳೆಯ ಹೆಸರಿನಲ್ಲಿ ಉಳಿದ ಮಾಹಿತಿ ಹೊಸ ಪಟ್ಟಿಯೊಡನೆ ಹೊಂದದಿದ್ದರೆ ಮರುಭರ್ತಿ ವಿಫಲವಾಗುತ್ತದೆ.

ಸುರಕ್ಷತೆ

ಬಳಕೆದಾರರು ತುಂಬಿದ ಪಠ್ಯವನ್ನು ನೇರವಾಗಿ ಪುಟಕ್ಕೆ ಸೇರಿಸಿದರೆ, ಅದರಲ್ಲಿ ಅಡಗಿದ ದುರುದ್ದೇಶದ ಸಂಕೇತಗಳು ಬ್ರೌಸರ್‌ನಲ್ಲಿ ಕಾರ್ಯಗತವಾಗಬಹುದು. ಇದನ್ನು ತಡೆಯಲು ವಿಶೇಷ ಚಿಹ್ನೆಗಳನ್ನು ಪರಿವರ್ತಿಸಬೇಕು; ಪಿಎಚ್‌ಪಿಯಲ್ಲಿ ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಎಂಬ ಕಾರ್ಯ ಇದಕ್ಕಾಗಿಯೇ ಇದೆ. ಗುಪ್ತಪದವನ್ನು ಮರುಭರ್ತಿ ಮಾಡಬಾರದು. ಕಡತದ ಅಂಕಣವನ್ನು ಸರ್ವರ್‌ನಿಂದ ತುಂಬಲು ಬ್ರೌಸರ್‌ಗಳು ಅವಕಾಶ ನೀಡುವುದಿಲ್ಲ. ಕಡತವನ್ನು ಸರ್ವರ್‌ನಲ್ಲಿ ತಾತ್ಕಾಲಿಕವಾಗಿ ಉಳಿಸಿಕೊಳ್ಳದಿದ್ದರೆ ಬಳಕೆದಾರರೇ ಅದನ್ನು ಮತ್ತೆ ಆರಿಸಬೇಕಾಗುತ್ತದೆ.